ಎರಡು ಕತ್ತಿ ಮಾರಿ ಒಂದು ರೇಪಿಯರ್ ಕೊಂಡೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ದಾಳ ಉರುಳಿಸಿ ಪಾತ್ರ ಆಡಿಸುವ ಆಟದಲ್ಲಿ ಡೆಕ್ಸ್‌ಟೆರಿಟಿ (ಚುರುಕುತನ, ಚಿಕ್ಕದಾಗಿ ಡೆಕ್ಸ್) ನಂಬಿಕೊಂಡು ಎದುರೆದುರೇ ಹೊಡೆದಾಡುವ ರೇಂಜರ್ (ಬೇಟೆಗಾರ ಯೋಧ) ಪಾತ್ರ ಮಾಡ್ತಿದ್ದೀರಾ? ಹೋರಾಟದ ಶೈಲಿಗಳಲ್ಲಿ ಡ್ಯುಯೆಲಿಂಗ್ ತಗೊಳ್ಳಿ: ಒಂದು ಕೈಯಲ್ಲಿ ಒಂದೇ ಆಯುಧ, ತಗುಲಿದಾಗ ಡ್ಯಾಮೇಜ್‌ಗೆ (ಶತ್ರುವಿಗಾಗುವ ಪೆಟ್ಟಿಗೆ) +2. ಆಟವನ್ನು 2014ರ ನಿಯಮದಲ್ಲಿ ಆಡುವವರಿಗೆ ಈ ಮಾತು. ನಾನು 2ನೇ ಲೆವೆಲ್‌ನಲ್ಲಿ ಟೂ-ವೆಪನ್ ಫೈಟಿಂಗ್ ಶೈಲಿ (ಎರಡು ಕೈಗೆ ಎರಡು ಕತ್ತಿ) ಆರಿಸಿ 4ನೇ ಲೆವೆಲ್‌ವರೆಗೆ ಒದ್ದಾಡಿದ್ದೇನೆ.

ಕಾಗದದ ಮೇಲೆ ಎರಡು ಕತ್ತಿಯೇ ಮೇಲು. ನನ್ನ ಡೆಕ್ಸ್ 16, ಅಂದರೆ ಪ್ರತಿ ಏಟಿಗೆ +3. ಎರಡು ಶಾರ್ಟ್‌ಸೋರ್ಡ್ (ಗಿಡ್ಡ ಕತ್ತಿ, 6 ಮುಖದ ದಾಳ) ತಗುಲಿದರೆ ಸರಾಸರಿ 13 ಡ್ಯಾಮೇಜ್. ಡ್ಯುಯೆಲಿಂಗ್ ಸೇರಿಸಿದ ರೇಪಿಯರ್ (ತೆಳ್ಳನೆಯ ಉದ್ದ ಕತ್ತಿ, 8 ಮುಖದ ದಾಳ) 9.5. ಈ ಲೆಕ್ಕಕ್ಕೇ ನಾನು ಮರುಳಾಗಿದ್ದು.

ತೊಂದರೆ ಇರುವುದು ಬೋನಸ್ ಆ್ಯಕ್ಷನ್‌ನಲ್ಲಿ, ಅಂದರೆ ಮುಖ್ಯ ಕೆಲಸದ ಜೊತೆ ಮಾಡಬಹುದಾದ ಹೆಚ್ಚುವರಿ ಕೆಲಸದಲ್ಲಿ. ಒಂದು ಸರದಿಗೆ ಸಿಗುವುದು ಒಂದೇ. ಎಡಗೈ ಕತ್ತಿ ಬೀಸಲು ಅದೇ ಬೇಕು. ಹಂಟರ್ಸ್ ಮಾರ್ಕ್ (ಗುರುತು ಹಾಕಿದ ಶತ್ರುವಿಗೆ ಪೆಟ್ಟು ಹೆಚ್ಚಿಸುವ ಮಂತ್ರ) ಹಾಕಲು ಅದೇ ಬೇಕು. ಗುರಿ ಸತ್ತ ಮೇಲೆ ಮಾರ್ಕನ್ನು ಇನ್ನೊಬ್ಬರಿಗೆ ಸರಿಸಲೂ ಅದೇ!

ಒಂದು ಶನಿವಾರ ಆರು ಗಾಬ್ಲಿನ್ (ಕುಳ್ಳ ದುಷ್ಟ ಜೀವಿಗಳು) ಎದುರಾದವು. ಮೊದಲ ಸರದಿ ಮಾರ್ಕ್ ಹಾಕಿ ಬಲಗೈ ಬೀಸಿದೆ, ಒಂದು ಬಿತ್ತು. ಎರಡನೇ ಸರದಿ ಮಾರ್ಕ್ ಸರಿಸಿ ಮತ್ತೆ ಬಲಗೈ. ಮೂರನೆಯದೂ ಹಾಗೇ. ಕಾಳಗ ಮುಗಿಯಿತು, ಎಡಗೈ ಕತ್ತಿ ಒಂದು ಸಲವೂ ಬೀಸಲಿಲ್ಲ. ಸುಮ್ನೆ ಹಿಡಿದುಕೊಂಡು ಓಡಾಡಿದ ಹಾಗಾಯ್ತು. ತುಂಬ ಬೇಜಾರಾಯಿತು, ಏಕೆಂದರೆ ಆ ಪಾತ್ರವನ್ನು ಕಟ್ಟಿದ್ದೇ ಎರಡು ಕತ್ತಿಗೋಸ್ಕರ. ಮೇಲಾಗಿ ಒಂದು ಸರದಿಯಲ್ಲಿ ಪುಕ್ಕಟೆ ಒರೆಯಿಂದ ಎಳೆಯಬಹುದಾದದ್ದು ಒಂದೇ ಆಯುಧ.

ಟಾಶಾಸ್ ಕಾಲ್ಡ್ರನ್ ಪುಸ್ತಕದ ಐಚ್ಛಿಕ ನಿಯಮದ ಪ್ರಕಾರ 4ನೇ ಲೆವೆಲ್‌ನಲ್ಲಿ ಶೈಲಿ ಬದಲಿಸಬಹುದು. ನಮ್ಮ ಡಿಎಂ (ಆಟ ನಡೆಸುವವರು) ಒಪ್ಪಿದರು. ಅದೇ ಲೆವೆಲ್‌ನಲ್ಲಿ ಡೆಕ್ಸ್ 18 ಮಾಡಿಕೊಂಡೆ, ಅಂದರೆ +4. ಈಗ ರೇಪಿಯರ್ ತಗುಲಿದರೆ, 8 ಮುಖದ ದಾಳದಲ್ಲಿ 1 ಬಿದ್ದರೂ 1+4+2, ಒಟ್ಟು 7. ಸಾಮಾನ್ಯ ಗಾಬ್ಲಿನ್‌ನ ಹಿಟ್ ಪಾಯಿಂಟ್ (ಜೀವಬಲ) ಕೂಡ ಸರಿಯಾಗಿ 7! ಅದೇ ಡೆಕ್ಸ್‌ನಲ್ಲಿ ಶಾರ್ಟ್‌ಸೋರ್ಡ್‌ಗೆ 1 ಅಥವಾ 2 ಬಿದ್ದರೆ ಅದು ಬದುಕಿಕೊಳ್ಳುತ್ತದೆ. ಹೀಗಾಗಿ ಸಣ್ಣವಕ್ಕೆ ಮಾರ್ಕ್ ಬೇಕಿಲ್ಲ, ದೊಡ್ಡ ಶತ್ರುವಿಗೆ ಉಳಿಯುತ್ತದೆ.

ಖರ್ಚೂ ಜಾಸ್ತಿ ಆಗಲಿಲ್ಲ. ಎರಡು ಶಾರ್ಟ್‌ಸೋರ್ಡ್ ಅರ್ಧ ಬೆಲೆಗೆ ಮಾರಿದ 10 ಚಿನ್ನದ ನಾಣ್ಯಕ್ಕೆ ಗುರಾಣಿ ಬಂತು, ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) 2 ಏರಿತು. ರೇಪಿಯರ್‌ಗೆ 25 ಕೈಯಿಂದ ಹಾಕಿದೆ.

ಡಿಫೆನ್ಸ್ ಶೈಲಿ? ಆರ್ಮರ್ ಕ್ಲಾಸ್‌ಗೆ +1, ಯಾರಿಗೂ ನಷ್ಟವಿಲ್ಲ. ಹೊಡೆಯೋ ಖುಷಿ ಮಾತ್ರ ಹೆಚ್ಚುವುದಿಲ್ಲ.

ನಿಮ್ಮ ಪಾತ್ರ ಫೈಟರ್ (ಯೋಧ) ಆಗಿದ್ದು ಬೋನಸ್ ಆ್ಯಕ್ಷನ್‌ಗೆ ಬೇರೆ ಕೆಲಸ ಇಲ್ಲದಿದ್ದರೆ ಎರಡು ಕತ್ತಿ ಧಾರಾಳವಾಗಿ ಹಿಡಿಯಿರಿ. 2024ರ ನಿಯಮದಲ್ಲಂತೂ ಸಿಮಿಟರ್‌ನ (ಬಾಗಿದ ಕತ್ತಿಯ) ನಿಕ್ ಮಾಸ್ಟರಿ ಅನ್ನೋ ವಿಶೇಷ ಗುಣ ಎರಡನೇ ಏಟನ್ನು ಅಟ್ಯಾಕ್ ಆ್ಯಕ್ಷನ್‌ನೊಳಗೇ ಸೇರಿಸುತ್ತದೆ, ಬೋನಸ್ ಆ್ಯಕ್ಷನ್ ಮಾರ್ಕ್‌ಗೆ ಬಿಡುವಾಗುತ್ತದೆ. ಆದರೆ ನಮ್ಮ ಗುಂಪು ದುಡ್ಡು ಕೂಡಿಸಿ ಕೊಂಡಿರುವುದು ಹಳೇ ಪುಸ್ತಕ. ಹೊಸದು ಬಂದ ದಿನ ನನ್ನ ರೇಂಜರ್‌ನ ಎಡಗೈಗೆ ಸಿಮಿಟರ್ ಕೊಡ್ತೀನಿ. ಅಲ್ಲಿವರೆಗೂ ಗುರಾಣಿ.