1933ಕ್ಕೆ ಕರೆ ಮಾಡಿದವಳ ಮಾತು

ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಹುಡುಗರ ಪಿಜಿ ನಡೆಸುತ್ತೇನೆ, ಹದಿನಾಲ್ಕು ರೂಮು. ಕಳೆದ ಮಳೆಗಾಲದಲ್ಲಿ ಒಂದು ರೂಮು ಗುಡಿಸುವಾಗ ಮಂಚದಡಿ ಎರಡು ಪುಟ್ಟ ಪ್ಲಾಸ್ಟಿಕ್ ಕವರ್ ಸಿಕ್ಕಿದವು. ಹೊಸ ಶರ್ಟಿನ ಜೊತೆ ಒಂದು ಗುಂಡಿ ಹೆಚ್ಚಿಗೆ ಹಾಕಿ ಕೊಡುತ್ತಾರಲ್ಲ, ಅದೇ ಗಾತ್ರ. ಒಂದರ ಮೂಲೆಯಲ್ಲಿ ಕಲ್ಲುಸಕ್ಕರೆ ಚೂರಿನಂಥ ಹರಳು ಅಂಟಿಕೊಂಡಿತ್ತು. ಆ ರೂಮಿನ ಹುಡುಗ ಎರಡು ವಾರದಿಂದ ಊಟಕ್ಕೆ ಇಳಿಯುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಓದುತ್ತಿದ್ದಾನೆ ಅಂದುಕೊಂಡಿದ್ದೆ. ಇದು ಡ್ರಗ್ಸ್ ಎಂದು ಆಗ ಹೊಳೆಯಿತು.

ದೂರು ಕೊಡಲು ಮೊದಲು ಒಂದು ಕಚೇರಿಗೆ ಹೋದೆ, ಯಾವುದೆಂದು ಹೇಳುವುದಿಲ್ಲ. ನನ್ನ ಹೆಸರು, ಪಿಜಿ ಹೆಸರು, ಲೈಸೆನ್ಸ್ ನಂಬರ್ ಎಲ್ಲ ಕೇಳಿದರು. ಮಾಲು ಹೇಗೆ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ. ಎದ್ದು ಬಂದೆ.

ಆ ರಾತ್ರಿ 1933ಕ್ಕೆ ಕರೆ ಮಾಡಿದೆ. ಇದು ಎನ್‌ಸಿಬಿ, ಅಂದರೆ ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೋದ ‘ಮಾನಸ್’ ಸಹಾಯವಾಣಿ. 2024ರ ಜುಲೈನಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಹೆಸರು ಹೇಳಲೇಬೇಕಾ ಎಂದೆ, ಬೇಡ ಎಂದರು. ಪಾರ್ಸೆಲ್ ಬರುವ ಹೊತ್ತು, ತರುವವರು, ಕೊಡುವ ಜಾಗ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಹುಡುಗನ ವಿಷಯ ತೆಗೆದಾಗ ಅದೇ ಕರೆಯಲ್ಲೇ ಚಿಕಿತ್ಸೆಯ ಬಗ್ಗೆಯೂ ಮಾತಾಡಿದರು. ನನಗೆ ಈ ಸೇವೆಯಲ್ಲಿ ಬಹಳ ಹಿಡಿಸಿದ್ದು ಇದೇ. ಮಾರುವವನ ಮೇಲೆ ದೂರು ಕೊಡಲೂ, ಚಟಕ್ಕೆ ಬಿದ್ದವನಿಗೆ ದಾರಿ ಕೇಳಲೂ ಒಂದೇ ನಂಬರು. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.

ಒಬ್ಬಳ ಸಣ್ಣ ಮಾಹಿತಿಯಿಂದ ಏನಾಗುತ್ತದೆ ಎನ್ನುವವರು ನಮ್ಮ ಮಂಗಳೂರಿನ ಕೇಸನ್ನೇ ನೋಡಿ. ಪಂಪ್‌ವೆಲ್ ಬಳಿ ಒಬ್ಬನ ಹತ್ತಿರ ಸಿಕ್ಕಿದ್ದು ಬರೇ 15 ಗ್ರಾಂ ಎಂಡಿಎಂಎ ಎಂಬ ಮಾದಕವಸ್ತು. ಸಿಸಿಬಿಯವರು, ಅಂದರೆ ನಗರ ಪೊಲೀಸರ ಅಪರಾಧ ವಿಭಾಗದವರು, ಅವನನ್ನು ಒಳಗೆ ಹಾಕಿ ಫೈಲು ಮುಚ್ಚಲಿಲ್ಲ, ಅವನಿಗೆ ಕೊಟ್ಟವನು ಯಾರು, ಅವನಿಗೆ ಕೊಟ್ಟವನು ಯಾರು ಎಂದು ಎಳೆ ಹಿಡಿದು ಹೋದರು. ಬೆಂಗಳೂರಿನಲ್ಲಿ ನೈಜೀರಿಯಾದವನೊಬ್ಬ ಆರು ಕಿಲೋ ಜೊತೆ ಸಿಕ್ಕ. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಹೆಂಗಸರ ಟ್ರಾಲಿ ಬ್ಯಾಗುಗಳಲ್ಲಿ 37.87 ಕಿಲೋ ಸಿಕ್ಕಿತು. ಬೆಲೆ 75 ಕೋಟಿ ಎಂದರು ಪೊಲೀಸರು. ಒಂದು ನಗರದ ಪೊಲೀಸರು ಇಷ್ಟು ದೂರ ಹೋಗಿದ್ದಕ್ಕೆ ಕೈಮುಗಿಯುತ್ತೇನೆ.

ಆದರೆ ಆ ಬ್ಯಾಗುಗಳು ದೆಹಲಿಯಿಂದ ಬಂದಿದ್ದು ವಿಮಾನದಲ್ಲಿ! ನಾವು ಮಗನಿಗೆ ಉಪ್ಪಿನಕಾಯಿ ಕಳಿಸಿದರೆ ಬಾಟಲಿ ಹೊರಗೆ ತೆಗೆಸುತ್ತಾರೆ. ಮೂವತ್ತೇಳು ಕಿಲೋ ಹೇಗೆ ದಾಟಿತು? 2021ರಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲಿನ ಹೆಸರಲ್ಲಿ ಅಫ್ಘಾನಿಸ್ತಾನದ ಹೆರಾಯಿನ್ ಸುಮಾರು ಮೂರು ಸಾವಿರ ಕಿಲೋ ಸಿಕ್ಕಿದ ಮೇಲೆ ಕಣ್ಣೆಲ್ಲ ಬಂದರು, ಗಡಿಯ ಮೇಲೆ ನೆಟ್ಟಿತು. ದೇಶದ ಒಳಗಿನ ವಿಮಾನ, ಕೊರಿಯರ್ ಮೇಲೆ ಅಷ್ಟು ಕಣ್ಣಿಲ್ಲ. ನನ್ನ ಗೇಟಿಗೆ ದಿನಕ್ಕೆ ಇಪ್ಪತ್ತು ಪಾರ್ಸೆಲ್ ಬರುತ್ತದೆ, ನಾನೇ ಬಿಚ್ಚಿ ನೋಡಲಾಗುತ್ತದೆಯೇ? ಸರ್ಕಾರದ ಕೆಲಸದ ಈ ಭಾಗಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ಹುಡುಗನ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಅಳುವುದಕ್ಕೂ ಮೊದಲು ಅವರು ಕೇಳಿದ್ದು, “ಜೈಲಿಗೆ ಹಾಕ್ತಾರಾ?” ಅಂತ. ಪರಿಚಯದ ವಕೀಲರೊಬ್ಬರು ಮಾದಕವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ತೋರಿಸಿದರು. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಷ್ಟೇ ಇದ್ದು, ಅವನು ತಾನಾಗಿ ಸರ್ಕಾರದ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಎಂಡಿಎಂಎಗೆ ಸಣ್ಣ ಪ್ರಮಾಣ ಅಂದರೆ ಅರ್ಧ ಗ್ರಾಂಗಿಂತ ಕಡಿಮೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹತ್ತು ಗ್ರಾಂ ದಾಟಿತೋ, ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು.

ಈ 64ಎ ಬಗ್ಗೆ ನಾನು ಮಾತಾಡಿಸಿದ ಒಬ್ಬ ಪಿಜಿಯವರಿಗೂ ಗೊತ್ತಿರಲಿಲ್ಲ. ವಶಪಡಿಸಿಕೊಂಡ ಮಾಲನ್ನು ಸುಡುವ ಫೋಟೊ ಮಾತ್ರ ಎಲ್ಲರೂ ನೋಡಿದ್ದಾರೆ. ಹೆದರಿಕೆಯಿಂದ ಮನೆಯವರು ಬಾಗಿಲು ಮುಚ್ಚಿಕೊಂಡರೆ ಮಾಹಿತಿ ಯಾರು ಕೊಡುತ್ತಾರೆ?

ಹುಡುಗ ಈಗ ಊರಲ್ಲಿದ್ದಾನೆ, ಚಿಕಿತ್ಸೆ ನಡೆಯುತ್ತಿದೆ. ನಮ್ಮ ಊಟದ ಹಾಲ್‌ನಲ್ಲಿ, ಕೈ ತೊಳೆಯುವ ನಲ್ಲಿಯ ಮೇಲೆ, 1933 ಎಂದು ದಪ್ಪಗೆ ಬರೆದು ಅಂಟಿಸಿದ್ದೇನೆ. ಕೆಳಗೆ 64ಎ ಬಗ್ಗೆ ಎರಡು ಸಾಲು, ಕನ್ನಡದಲ್ಲೂ ಮಲಯಾಳಂನಲ್ಲೂ.