ಲೆಸ್ಟರಿನ ಸಾಲುಮನೆಯಲ್ಲಿ ಹಿಂದೆ ಯಾರಿದ್ದರು? ಜನಗಣತಿ, ಡೈರೆಕ್ಟರಿ, ಮತದಾರರ ಪಟ್ಟಿ: ಯಾವುದು ವಾಸಿ?

ಇಂಗ್ಲೆಂಡಿನ ಲೆಸ್ಟರಿನಲ್ಲಿ ನಾವು ಕೊಂಡದ್ದು ವಿಕ್ಟೋರಿಯಾ ಕಾಲದ ಕೆಂಪು ಇಟ್ಟಿಗೆ ಮನೆ. ಎಡಬಲದ ಗೋಡೆ ನೆರೆಯವರದೂ ಹೌದು, ನಮ್ಮದೂ ಹೌದು. ಇಂಥ ಮನೆಯಲ್ಲಿ ಹಿಂದೆ ಯಾರಿದ್ದರು ಅಂತ ಕೇಳಿದರೆ ಇಲ್ಲಿ ಎಲ್ಲರೂ ಮೊದಲು ತೋರಿಸುವುದು ಜನಗಣತಿಯನ್ನು. ಸಿಗುವ ದಾಖಲೆಗಳನ್ನೆಲ್ಲ ತಡಕಾಡಿದ ಮೇಲೆ ನನಗನಿಸಿದ್ದು ಬೇರೆ. ಜನಗಣತಿಯ ರುಚಿ ಇನ್ನೊಂದಕ್ಕಿಲ್ಲ, ನಿಜ. ಆದರೆ ಕೆಲಸ ಮುಗಿಸಿಕೊಡುವುದು ಮತದಾರರ ಪಟ್ಟಿ.

ಮೊದಲು ಆಸ್ತಿ ಪತ್ರಗಳ ವಿಷಯ. ಬೆಂಗಳೂರಿನಲ್ಲಿ ಸೈಟಿಗೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಅಭ್ಯಾಸ ಇರುವವರ ಕೈ ತಾನಾಗಿ ಆ ಕಡೆಗೇ ಹೋಗುತ್ತದೆ. ಲ್ಯಾಂಡ್ ರಿಜಿಸ್ಟ್ರಿಗೆ 7 ಪೌಂಡ್ ಕಟ್ಟಿದರೆ ಟೈಟಲ್ ರಿಜಿಸ್ಟರಿನ ಪ್ರತಿ ಬರುತ್ತದೆ. ಅದರಲ್ಲಿರುವುದು ಈಗಿನ ಮಾಲೀಕರ ಹೆಸರು, ಸಾಲ ಕೊಟ್ಟ ಬ್ಯಾಂಕು, ಹಳೆಯ ಷರತ್ತು ಒಂದೆರಡು. ನೋಂದಣಿ ಇಂಗ್ಲೆಂಡ್, ವೇಲ್ಸ್ ಪೂರ್ತಿ ಕಡ್ಡಾಯವಾದದ್ದೇ 1990ರ ಡಿಸೆಂಬರಿನಲ್ಲಿ. ಹಳೆಯ ಪತ್ರಗಳ ಕಟ್ಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅದು ಹೇಳುವುದು ಮಾಲೀಕರ ಕಥೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಥ ಸಾಲುಗಳಲ್ಲಿ ಸಂಸಾರ ಮಾಡಿದವರು ಬಹುಪಾಲು ಬಾಡಿಗೆದಾರರು. ಪತ್ರದಲ್ಲಿ ಅವರ ಸುಳಿವೇ ಇರುವುದಿಲ್ಲ.

ಡೈರೆಕ್ಟರಿಗಳು, ಅಂದರೆ ಊರಿನ ಹಳೆಯ ವಿಳಾಸ ಪುಸ್ತಕಗಳು, ಪುಕ್ಕಟೆ. ಲೆಸ್ಟರ್ ವಿಶ್ವವಿದ್ಯಾಲಯ 18ನೆಯ ಶತಮಾನದಿಂದ 1910ರ ದಶಕದವರೆಗಿನ ಡೈರೆಕ್ಟರಿಗಳನ್ನು ಆನ್‌ಲೈನಿಗೆ ಹಾಕಿದೆ. ಕೆಲ್ಲಿಯವರ ಡೈರೆಕ್ಟರಿ ತೆರೆದರೆ ಬೀದಿಯ ಹೆಸರು, ಮನೆ ನಂಬರು, ಯಜಮಾನನ ಹೆಸರು, ಕಸುಬು ಒಂದೇ ಸಾಲಿನಲ್ಲಿ. ಹೆಂಡತಿ, ಮಕ್ಕಳು, ಉಪಬಾಡಿಗೆಯವರು ಇಲ್ಲವೇ ಇಲ್ಲ. ಬಡವರ ಬೀದಿಗಳನ್ನು ಎಷ್ಟೋ ಸಲ ಪೂರ್ತಿ ಬಿಟ್ಟಿರುತ್ತಾರೆ. ಆದರೂ ಒಂದು ಉಪಕಾರ ಇದೆ: ಅಡ್ಡರಸ್ತೆ ಎಲ್ಲಿ ಕೂಡುತ್ತದೆ ಅಂತ ನಡುವೆ ಬರೆದಿರುತ್ತಾರೆ. ಬೀದಿಯ ನಂಬರುಗಳು ಬದಲಾಗಿವೆಯೇ ಅಂತ ಪತ್ತೆ ಮಾಡಲು ಇದಕ್ಕಿಂತ ಸಲೀಸಾದ ದಾರಿ ನಾನು ಕಾಣೆ. ಮೂಲೆಯ ಪಬ್ಬನ್ನು ಗುರುತಿಗಿಟ್ಟುಕೊಂಡು ಅಲ್ಲಿಂದ ಎಣಿಸಬೇಕು. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿರುವ ಮೈಲಿಗೆ 25 ಇಂಚಿನ ಅಳತೆಯ ಸರ್ವೆ ನಕ್ಷೆ ಪಕ್ಕದಲ್ಲಿರಲಿ.

ಇನ್ನು ಜನಗಣತಿ. 1841ರಿಂದ ಹೆಸರು ಸಮೇತ ಸಿಗುತ್ತದೆ, ಆದರೆ ನನ್ನನ್ನು ಹಿಡಿದು ಕೂರಿಸಿದ್ದು 1911ರದು. ಅದಕ್ಕೆ ಹಿಂದಿನವು ಗಣತಿದಾರ ನಕಲು ಮಾಡಿದ ಪುಸ್ತಕಗಳು. 1911ರಲ್ಲಿ ಮನೆಯವರೇ ತುಂಬಿದ ನಮೂನೆ ಉಳಿದಿದೆ, ಅವರದೇ ಅಕ್ಷರದಲ್ಲಿ. ನಮ್ಮ ಮನೆಯ ಯಜಮಾನ ಶೂ ಕ್ಲಿಕ್ಕರ್, ಅಂದರೆ ಬೂಟಿನ ಮೇಲ್ಭಾಗಕ್ಕೆ ಚರ್ಮ ಕತ್ತರಿಸುವವನು. ಬೂಟು, ಕಾಲುಚೀಲಗಳ ಈ ಊರಿನಲ್ಲಿ ಅದೇನು ಅಪರೂಪದ ಕೆಲಸವಲ್ಲ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಅಂತ ಆ ವರ್ಷ ಕೇಳಿದ್ದರು. ಮಕ್ಕಳ ಲೆಕ್ಕ ಏಳು, ನಾಲ್ಕು, ಮೂರು ಅಂತ ಒತ್ತಿ ಬರೆದಿದ್ದಾನೆ. ಕೋಣೆಗಳ ಲೆಕ್ಕದಲ್ಲಿ ಅಡುಗೆಮನೆ ಸೇರಬೇಕು, ಪಾತ್ರೆ ತೊಳೆಯುವ ಸ್ಕಲರಿ, ಬಚ್ಚಲು ಸೇರಬಾರದು ಅಂತ ನಮೂನೆಯಲ್ಲೇ ಸೂಚನೆ. ಅವನು ಬರೆದದ್ದು ಐದು. ಈಗಿನ ಗೋಡೆಗಳನ್ನು ಎಣಿಸಿ ನೋಡಿದೆ, ಸರಿಹೋಯಿತು.

1921ರದು ಇನ್ನೂ ಒಂದು ಕೈ ಮುಂದೆ: ಕೆಲಸಕ್ಕಿಟ್ಟ ಕಂಪನಿಯ ಹೆಸರನ್ನೂ ಕೇಳಿದ್ದರು. ಅಲ್ಲಿಗೆ ಮುಗಿಯಿತು. ಇಂಗ್ಲೆಂಡ್, ವೇಲ್ಸಿನ 1931ರ ಗಣತಿ 1942ರಲ್ಲಿ ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧ ಅಂತ ಗಣತಿ ನಡೆಯಲಿಲ್ಲ, ನೂರು ವರ್ಷದ ನಿಯಮದಿಂದಾಗಿ 1951ರದಕ್ಕೆ 2052ರವರೆಗೆ ಬೀಗ. ಮೇಲಾಗಿ ಗಣತಿ ಹೇಳುವುದು ಹತ್ತು ವರ್ಷಕ್ಕೊಂದು ರಾತ್ರಿಯ ಸಂಗತಿ. ನಡುವೆ ಬಂದು ಹೋದ ಸಂಸಾರಗಳು ಅದಕ್ಕೆ ಗೊತ್ತೇ ಇಲ್ಲ.

ಈ ಕಂದಕಕ್ಕೆ ಒಂದು ಸಂಕ ಅಂದರೆ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್. ದೇಶದ ಜನರಿಗೆ ಗುರುತಿನ ಚೀಟಿ ಕೊಡಲು ಮಾಡಿದ್ದು, ಆಮೇಲೆ ಆರೋಗ್ಯ ಇಲಾಖೆಯೂ ಬಳಸುತ್ತಾ ತಿದ್ದುತ್ತಾ ಬಂತು. ಹಾಗಾಗಿ ಹುಡುಗಿಯರ ತವರಿನ ಹೆಸರು ಹೊಡೆದು ಗಂಡನ ಮನೆ ಹೆಸರನ್ನು ಮೇಲೆ ಬರೆದಿರುತ್ತಾರೆ. ಮುಂದೆ ಹುಡುಕುವವರಿಗೆ ಅದು ದೊಡ್ಡ ಸುಳಿವು. ಹುಟ್ಟಿದ ತಾರೀಕೂ ಇದೆ. ಈಗಲೂ ಬದುಕಿರಬಹುದಾದವರ ಸಾಲು ಮಾತ್ರ ಮುಚ್ಚಿರುತ್ತದೆ. ಹೆಂಗಸರ ಕಸುಬಿನ ಕಾಲಮ್ಮಿನಲ್ಲಿ ಪುಟಗಟ್ಟಲೆ ‘ಸಂಬಳವಿಲ್ಲದ ಮನೆಗೆಲಸ’ ಅಂತಲೇ ಇದೆ. ಇಷ್ಟು ಪ್ರಾಮಾಣಿಕ ಸರ್ಕಾರಿ ಕಾಲಮ್ಮು ನಾನು ಬೇರೆಲ್ಲೂ ಕಂಡಿಲ್ಲ.

ಮತದಾರರ ಪಟ್ಟಿಯಲ್ಲಿ ಇಂಥ ಯಾವ ಸ್ವಾರಸ್ಯವೂ ಇಲ್ಲ. ಹೆಸರು, ನಂಬರು, ಅಷ್ಟೇ. ಆದರೆ ವರ್ಷ ವರ್ಷವೂ ಇರುತ್ತದೆ; 1916, 1917 ಮತ್ತು 1940ರಿಂದ 1944ರವರೆಗಿನವು ಮಾತ್ರ ಇಲ್ಲ. ಕ್ಲಿಕ್ಕರ್ ಯಾವ ವರ್ಷ ಮನೆ ಬಿಟ್ಟ, ಅವನ ಹಿಂದೆ ಯಾರು ಬಂದರು ಅಂತ ನನಗೆ ಖಚಿತವಾಗಿ ತಿಳಿದದ್ದು ಇಲ್ಲೇ. 1918ರಲ್ಲಿ ಮೂವತ್ತು ದಾಟಿದ ಹೆಂಡತಿ ಪಟ್ಟಿಗೆ ಬರುತ್ತಾಳೆ. 1928ರ ಕಾನೂನು ಇಪ್ಪತ್ತೊಂದು ತುಂಬಿದ ಹೆಂಗಸರಿಗೆಲ್ಲ ಮತ ಕೊಟ್ಟ ಮೇಲೆ, ಅದುವರೆಗೆ ಕಾಣದಿದ್ದ ಹೆಣ್ಣುಮಕ್ಕಳ ಹೆಸರು ಬೀದಿ ತುಂಬ. 1972ರಲ್ಲಿ ಸರ್ವಾಧಿಕಾರಿ ಈದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ ಅವರಲ್ಲಿ ಅನೇಕರು ಲೆಸ್ಟರಿಗೆ ಬಂದರು. ಆಮೇಲಿನ ಪಟ್ಟಿಗಳಲ್ಲಿ ನಮ್ಮ ಬೀದಿಯ ಸ್ಮಿತ್‌ಗಳ ನಡುವೆ ಪಟೇಲರು ಸೇರುತ್ತಾ ಹೋಗುತ್ತಾರೆ. ಕಾಮನ್‌ವೆಲ್ತ್ ಪ್ರಜೆಗಳಿಗೆ ಇಲ್ಲಿ ಮತ ಇರುವುದರಿಂದ ಭಾರತದ ಪಾಸ್‌ಪೋರ್ಟಿನ ನಾನೂ ಅದೇ ಪಟ್ಟಿಯಲ್ಲಿದ್ದೇನೆ.

ತೊಂದರೆಯೆಂದರೆ ಸ್ಥಳೀಯ ಪಟ್ಟಿಗಳಲ್ಲಿ ಬಹಳಷ್ಟಕ್ಕೆ ದಾಖಲೆ ಕಚೇರಿಗೇ ಹೋಗಿ ಪುಟ ತಿರುವಬೇಕು. 1947ರಿಂದೀಚೆಗಿನವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಾಗಾಗಿ ನನ್ನ ಸಲಹೆ ಇಷ್ಟು: ಡೈರೆಕ್ಟರಿಯಿಂದ ನಂಬರು ಗಟ್ಟಿ ಮಾಡಿಕೊಳ್ಳಿ, ಪಟ್ಟಿಯಿಂದ ಹೆಸರುಗಳನ್ನು ವರ್ಷವಾರು ಬರೆದುಕೊಳ್ಳಿ, ಆಮೇಲೆ ಒಂದು ತಿಂಗಳ ಮಟ್ಟಿಗೆ ಹಳೆಯ ದಾಖಲೆಗಳ ತಾಣ ಫೈಂಡ್‌ಮೈಪಾಸ್ಟಿಗೆ ಚಂದಾ ಕಟ್ಟಿ ಗಣತಿಯನ್ನೂ 1939ರ ರಿಜಿಸ್ಟರನ್ನೂ ಒಟ್ಟಿಗೆ ಮುಗಿಸಿ. ಚಂದಾ ಮೊದಲೇ ಕಟ್ಟಿದರೆ ಅರ್ಧ ತಿಂಗಳು ಪಕ್ಕದ ಮನೆಯವರ ಸಂಸಾರ ಓದುವುದರಲ್ಲೇ ಕಳೆಯುತ್ತದೆ.