‘ಕ್ಲೀನ್ ಮಾಡಿದ’ ಲೈಡಾರ್ ಫೈಲ್ ನಂಬಿ ಕೆರೆ ಅಳೆದ ನನ್ನ ಕತೆ

ಡ್ರೋನ್ ಲೈಡಾರ್‌ನಲ್ಲಿ (ಮೇಲಿಂದ ಲೇಸರ್ ಬೆಳಕು ಬಿಟ್ಟು ನೆಲವನ್ನು ಬಿಂದು ಬಿಂದುವಾಗಿ ಅಳೆಯುವ ಯಂತ್ರ) ಕೆರೆ, ಕ್ವಾರಿ, ಮಣ್ಣಿನ ಲೆಕ್ಕ ಮಾಡಿಸುವವರು ಇದನ್ನೊಮ್ಮೆ ಓದಿ. ಹೋದ ಬೇಸಿಗೆಯಲ್ಲಿ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ. ಗುಂಡಿ ಅಂತ ಮಾತಿಗೆ ಹೇಳುತ್ತಿಲ್ಲ. ನಿಜವಾಗಲೂ ಗುಂಡಿಗಳೇ ಇದ್ದವು, ಕಂಪ್ಯೂಟರಿನೊಳಗೆ ಮಾತ್ರ.

ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ, 18 ಎಕರೆಯ ಕೆರೆಯಂಗಳ. ಹೂಳು ತೆಗೆಯುವ ಮುಂಚಿನ ಲೆವೆಲ್ ನಾನೇ ಡಿಜಿಪಿಎಸ್ (ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ, ಎತ್ತರ ಹೇಳುವ ಜಿಪಿಎಸ್) ಹೊತ್ತು ತಿರುಗಿ ಹಿಡಿದಿದ್ದೆ. ತೆಗೆದ ಮೇಲಿನದಕ್ಕೆ ಮೈಗಳ್ಳತನ ಬಂತು, ಡ್ರೋನ್ ಪಾರ್ಟಿಯೊಂದನ್ನು ಕರೆಸಿದೆ. ಬೆಳಗ್ಗೆ ಏಳಕ್ಕೆ ಬರುತ್ತೇವೆ ಅಂದವರು ಬಂದದ್ದು ಹನ್ನೊಂದೂವರೆಗೆ. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಚಂದಕ್ಕಲ್ಲ. ಏರಿ ಮೇಲೆ ಟಿಪ್ಪರ್ ಓಡಾಡಿ ಧೂಳೋ ಧೂಳು, ಮೇಲೆ ಹದ್ದುಗಳು, ತೂಬಿನ ಹತ್ತಿರ ಮೊಣಕಾಲುದ್ದ ನೀರು. ಹುಡುಗ ಒಂದು ಸಲ ಉದ್ದುದ್ದ ಹಾರಿಸಿದ, ಬ್ಯಾಟರಿ ಬದಲಿಸಿ ಇನ್ನೊಂದು ಸಲ ಅಡ್ಡಡ್ಡ ಹಾರಿಸಿದ. ಎರಡನೆಯ ಸಲ ಅವನ ಮುಖ ಸ್ವಲ್ಪ ಸಪ್ಪಗಿತ್ತು. ನಾನು ಬಿಸಿಲಿಗೆ ಅಂದುಕೊಂಡೆ.

ನಾಲ್ಕು ದಿನಕ್ಕೆ ಬಣ್ಣಬಣ್ಣದ ನಕ್ಷೆ ಬಂತು. ತೆಗೆದ ಹೂಳು 26,800 ಘನ ಮೀಟರ್. ನಾನೂ ಸಹಿ ಹಾಕಿ ಮುಂದಕ್ಕೆ ಕಳಿಸಿದೆ.

ತಡೆದದ್ದು ಊರಿನ ಒಬ್ಬ ಅಜ್ಜ. ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಒಯ್ದ ಟ್ರ್ಯಾಕ್ಟರ್‌ಗಳನ್ನು ಮೊದಲ ದಿನದಿಂದ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಎಣಿಸಿದ್ದ. “ಸಾಮಿ, ನಮ್ ಪುಸ್ತಕದಾಗೆ 8,100 ಲೋಡು ಐತೆ. ನಿಮ್ ಹೆಲಿಕಾಪ್ಟ್ರು ಏನಂತೈತೆ?”

ಲೋಡಿಗೆ ಮೂರು ಘನ ಮೀಟರ್ ಹಿಡಿದರೂ 24,300 ಆಗುತ್ತದೆ. ಅದೂ ಅಗೆದು ಉಬ್ಬಿದ ಮಣ್ಣು. ನೆಲದಲ್ಲಿ ಗಟ್ಟಿಯಾಗಿ ಕೂತಿದ್ದಾಗ ಅದು 20,000ದ ಆಸುಪಾಸು ಇರಬೇಕು. ಅಂದರೆ ಸರ್ವೆಯ ಲೆಕ್ಕ ಟ್ರ್ಯಾಕ್ಟರ್ ಲೆಕ್ಕಕ್ಕಿಂತ ಕಡಿಮೆ ಬರಬೇಕಿತ್ತು, ನಮ್ಮದು ಹೆಚ್ಚು ಬಂದಿದೆ! ಒಂದು ಎಕರೆ 4,047 ಚದರ ಮೀಟರ್. 18 ಎಕರೆಯಲ್ಲಿ ನೆಲ ಬರೀ 9 ಸೆಂಟಿಮೀಟರ್ ಕೆಳಗೆ ತೋರಿದರೆ ಸುಮಾರು 6,500 ಘನ ಮೀಟರ್ ಗಾಳಿಗೆ ಬಿಲ್ ಆದಂತೆ.

ಜಗಳವಾಡಿ ಮಧ್ಯದ ಹಂತದ ಲಾಸ್ (LAS) ಫೈಲ್, ಅಂದರೆ ಲೈಡಾರ್ ಬಿಂದುಗಳ ಫೈಲ್, ತರಿಸಿಕೊಂಡೆ. ತೂಬಿನ ಸುತ್ತ ಬಾಣಲೆಯಂಥ ತಗ್ಗುಗಳು, ಕೆಲವು ಒಂದು ಆಳು ಆಳ. ಲೇಸರ್ ಬೆಳಕು ನೀರಿಗೆ ಬಡಿದು, ಅಲ್ಲಿಂದ ಏರಿಯ ಕಲ್ಲಿಗೆ ಬಡಿದು, ಸುತ್ತಿ ಬಳಸಿ ವಾಪಸು ಬರುತ್ತದೆ. ಯಂತ್ರಕ್ಕೆ ಗೊತ್ತಿರುವುದು ಸಮಯ ಒಂದೇ. ತಡವಾಗಿ ಬಂದರೆ ದೂರದಿಂದ ಬಂತು ಅಂತ ಲೆಕ್ಕ ಹಾಕಿ ಬಿಂದುವನ್ನು ನೆಲದೊಳಗೆ ಇಡುತ್ತದೆ. ಹದ್ದು, ಧೂಳು ಮೇಲೆ ತೇಲುತ್ತವೆ, ಕಣ್ಣಿಗೆ ಬೀಳುತ್ತವೆ, ತೆಗೆದುಹಾಕುವುದು ಸುಲಭ. ಕೆಳಗಿನವೇ ಕಳ್ಳರು. ನೆಲ ಗುರುತಿಸುವ ಬಹಳಷ್ಟು ಸಾಫ್ಟ್‌ವೇರ್ ಎಲ್ಲಕ್ಕಿಂತ ತಗ್ಗಿನ ಬಿಂದುವನ್ನೇ ನೆಲ ಅಂತ ನಂಬಿ ಶುರು ಮಾಡುವುದರಿಂದ, ಇವನ್ನು ಮೊದಲೇ ತೆಗೆಯದಿದ್ದರೆ ಸುತ್ತಲಿನ ನೆಲವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತವೆ. ಇಲ್ಲಿ ತೆಗೆದಿರಲಿಲ್ಲ.

ಆದರೆ ತೂಬಿನ ತಗ್ಗುಗಳಿಂದ ಅಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಬಿಂದುಗಳನ್ನು ನೋಡುವ ಕ್ಲೌಡ್‌ಕಂಪೇರ್ ಸಾಫ್ಟ್‌ವೇರ್‌ನಲ್ಲಿ ಎಸ್‌ಓಆರ್ ಅನ್ನುವ ಫಿಲ್ಟರ್ ಒತ್ತಿದೆ, ಅದರಲ್ಲಿ ಮೊದಲೇ ಇದ್ದ ಅಳತೆಗಳಲ್ಲೇ. ಇದು ನನ್ನ ದಡ್ಡತನ. ಏರಿ ಪಕ್ಕದ ಕರೆಂಟ್ ತಂತಿ ಮಾಯವಾಯಿತು, ಕೆರೆಯ ಲೆಕ್ಕ ಮಾತ್ರ ಅಲುಗಲಿಲ್ಲ. ಅಕ್ಕಪಕ್ಕದಲ್ಲಿ ಜನವಿಲ್ಲದ ಒಂಟಿ ಬಿಂದುವನ್ನು ಹೊರಗೆ ಹಾಕುವುದಷ್ಟೇ ಅದಕ್ಕೆ ಗೊತ್ತು.

ಕೊನೆಗೆ ಬಿಂದುಗಳಿಗೆ ಜಿಪಿಎಸ್ ಸಮಯದ ಪ್ರಕಾರ ಬಣ್ಣ ಕೊಟ್ಟು, ಅಂಗಳವನ್ನು ಅಡ್ಡಲಾಗಿ ಕೊಯ್ದು ನೋಡಿದೆ. ಮೊದಲ ಹಾರಾಟದ ನೀಲಿ ನೆಲ ಒಂದು, ಅದರ 14 ಸೆಂಟಿಮೀಟರ್ ಕೆಳಗೆ ಎರಡನೆಯ ಹಾರಾಟದ ಕೆಂಪು ನೆಲ ಇನ್ನೊಂದು. ಎರಡೂ ಒತ್ತೊತ್ತಾಗಿವೆ, ಯಾವ ಫಿಲ್ಟರೂ ಇದನ್ನು ನಾಯ್ಸ್ (ಸುಳ್ಳು ಬಿಂದು) ಅನ್ನುವುದಿಲ್ಲ. ಎರಡನೆಯ ಹಾರಾಟ ಮುಟ್ಟಿದ ಕಡೆಯಲ್ಲೆಲ್ಲ ಸಾಫ್ಟ್‌ವೇರ್ ಕೆಳಗಿನದನ್ನೇ ಆರಿಸಿದೆ. ನನ್ನ ಹಳೆಯ ಡಿಜಿಪಿಎಸ್ ಎತ್ತಿಕೊಂಡು ಹೋಗಿ 40 ಕಡೆ ಅಳೆದೆ. ನೀಲಿ ಎರಡು ಮೂರು ಸೆಂಟಿಮೀಟರ್‌ನೊಳಗೆ ಕೂತಿತು. ಕೆಂಪು ಎಲ್ಲಿಯೂ ಕೂರಲಿಲ್ಲ.

ಆ ಹುಡುಗನನ್ನು ಚಹಾ ಕುಡಿಸಿ ಕೇಳಿದಾಗ ಬಾಯಿ ಬಿಟ್ಟ: “ಸೆಕೆಂಡ್ ಫ್ಲೈಟ್ ಫಿಕ್ಸ್ ಬರ್ಲಿಲ್ಲ ಸರ್, ಫ್ಲೋಟಲ್ಲೇ ನಿಂತಿತ್ತು. ಆಫೀಸಲ್ಲಿ ಸರಿ ಮಾಡ್ತಾರೆ ಅಂದ್ಕೊಂಡೆ.” ಫಿಕ್ಸ್ ಅಂದರೆ ಜಿಪಿಎಸ್ ಸೆಂಟಿಮೀಟರ್ ಮಟ್ಟಿಗೆ ಜಾಗ ಹಿಡಿದಂತೆ, ಫ್ಲೋಟ್ ಅಂದರೆ ಇನ್ನೂ ತೇಲಾಡುತ್ತಿದೆ ಅಂತ. ಆಫೀಸಿನವರು ಸ್ಮೂತ್ ಮಾಡಿ ಕಳಿಸಿದ್ದರು. ಕಚ್ಚಾ ಡೇಟಾ ಕೇಳಿದರೆ ಕಾರ್ಡ್ ಫಾರ್ಮ್ಯಾಟ್ ಆಗಿದೆಯಂತೆ.

ಹಾಗಾಗಿ ಕೆಲಸ ಕೊಡುವ ಮುಂಚೆಯೇ ಬರೆಸಿಕೊಳ್ಳಿ: ಕಚ್ಚಾ ಡೇಟಾ, ಹಾರಾಟದ ಪಥ, ಪ್ರತಿ ಬಿಂದುವಿನ ಜಿಪಿಎಸ್ ಸಮಯ. ನಾಯ್ಸ್ ಬಿಂದುಗಳನ್ನು ಅಳಿಸಬಾರದು, ಗುರುತು ಹಾಕಿ ಬಿಟ್ಟಿರಬೇಕು. ಲಾಸ್ ಫೈಲಿನಲ್ಲಿ ತಗ್ಗಿನದಕ್ಕೆ 7, ಮೇಲಿನದಕ್ಕೆ 18 ಅಂತ ನಂಬರೇ ಇದೆ. ಡ್ರೋನ್ ಏಳುವ ಮುಂಚೆ ಏರಿ ಮೇಲೆ, ಕೋಡಿ ಕಟ್ಟೆ ಮೇಲೆ, ಅಂಗಳದ ಗಟ್ಟಿ ನೆಲದ ಮೇಲೆ ನಿಮ್ಮದೇ ಪಾಯಿಂಟ್ ಹಿಡಿದಿಡಿ, ಅವರಿಗೆ ತೋರಿಸಬೇಡಿ. ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಹಾರಿಸಿ. ತಡವಾಗಿ ಬಂದವರನ್ನು ಮಾರನೆಯ ದಿನ ಬನ್ನಿ ಅನ್ನಿ, ಮುಲಾಜು ಬೇಡ.

ನಾನು ಕೆಂಪು ಹಾರಾಟವನ್ನು ಪೂರ್ತಿ ಬಿಟ್ಟೆ, ನೀರಿದ್ದ ಜಾಗವನ್ನು ಕೋಲು ಹಿಡಿದು ಇಳಿದು ಅಳೆದೆ. ಹೊಸ ಲೆಕ್ಕ 20,400. ತಿದ್ದುಪಡಿ ಪತ್ರ ಕೊಡಲು ಹೋದಾಗ ಮೇಜಿನಾಚೆ ಕೂತವರು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಪಾರ್ಟಿ ತೆಗೆದುಕೊಂಡ ಅಡ್ವಾನ್ಸ್ ಇನ್ನೂ ವಾಪಸು ಬಂದಿಲ್ಲ. ಅಜ್ಜನಿಗೆ ಹೊಸ ನೋಟ್‌ಬುಕ್ ಒಂದು ಕೊಡಿಸಿದ್ದೇನೆ, ಮುಂದಿನ ಬೇಸಿಗೆಗೆ ಮೇಲಿನ ಕೆರೆಯ ಕೆಲಸ ಇದೆ.